ಇನುಯಿಟ್ ಕಥೆಗಳನ್ನು ಓದಲು ತೊಡಗುವವರಿಗೆ

ಆರ್ಕ್‌ಟಿಕ್ ಪ್ರದೇಶದ ಮೂಲನಿವಾಸಿಗಳಾದ ಇನುಯಿಟ್ ಜನರ ಕಥೆಗಳು ನಮ್ಮ ಕೈಗೆ ಸಿಗುವುದು ಹೆಚ್ಚಾಗಿ ಇಂಗ್ಲಿಷಿನ ಮಕ್ಕಳ ಪುಸ್ತಕಗಳಾಗಿ ಇಲ್ಲವೇ ‘ಹಿಮನಾಡಿನ ದಂತಕಥೆಗಳು’ ಎಂಬ ಬಗೆಯ ಸಂಕಲನಗಳಾಗಿ. ಅಂಥ ಎಷ್ಟೋ ಪುಸ್ತಕಗಳಲ್ಲಿ ಕಥೆ ಹೇಳಿದವರ ಹೆಸರೂ ಇರುವುದಿಲ್ಲ, ಊರೂ ಇರುವುದಿಲ್ಲ. ಆದ್ದರಿಂದ ಪುಸ್ತಕವನ್ನು ತೆರೆದ ಕೂಡಲೇ ಮುನ್ನುಡಿಯಲ್ಲಿ ಮೂರು ಸಂಗತಿಗಳನ್ನು ಹುಡುಕಿಕೊಳ್ಳಬೇಕು: ಕಥೆಯನ್ನು ಹೇಳಿದವರು ಯಾರು, ಎಲ್ಲಿಯವರು, ಮತ್ತು ಅದು ಯಾವ ಯಾವ ಭಾಷೆಗಳನ್ನು ದಾಟಿ ಇಲ್ಲಿಗೆ ಬಂದಿದೆ. ಈ ಮೂರರ ಸುಳಿವೂ ಕೊಡದ ಸಂಕಲನವನ್ನು ಮೊದಲ ಓದಿಗೆ ಆರಿಸಿಕೊಳ್ಳದಿರುವುದೇ ಲೇಸು.

ಊರಿನ ಪ್ರಶ್ನೆ ಏಕೆ ಮುಖ್ಯವೆಂದರೆ, ಇನುಯಿಟ್ ನೆಲೆಗಳು ಅಲಾಸ್ಕದಿಂದ ಕೆನಡಾದ ಉತ್ತರ ಭಾಗವನ್ನು ಹಾದು ಗ್ರೀನ್‌ಲ್ಯಾಂಡಿನವರೆಗೆ ಹಬ್ಬಿವೆ. ಮಾತು ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುವಂತೆ ಕಥೆಯೂ ಬದಲಾಗುತ್ತದೆ. ‘ಇನುಯಿಟ್’ ಎಂಬುದು ಬಹುವಚನ, ಒಬ್ಬರಾದರೆ ‘ಇನುಕ್’. ಹಳೆಯ ಪುಸ್ತಕಗಳ ‘ಎಸ್ಕಿಮೊ’ ಎಂಬ ಹೆಸರನ್ನು ಕೆನಡಾ ಮತ್ತು ಗ್ರೀನ್‌ಲ್ಯಾಂಡುಗಳಲ್ಲಿ ಅವಹೇಳನವೆಂದೇ ಭಾವಿಸುತ್ತಾರೆ. ಅದನ್ನು ನಮ್ಮ ಬರಹದಲ್ಲಿ ಮುಂದುವರಿಸಬೇಕಾಗಿಲ್ಲ.

ಓದುವ ಮೊದಲು ನಾಲ್ಕಾರು ಪದಗಳನ್ನು ಪರಿಚಯ ಮಾಡಿಕೊಂಡಿದ್ದರೆ ಅನುಕೂಲ. ಪರಂಪರೆಯಿಂದ ಬಂದ ಹಳೆಯ ಕಥೆಗಳಿಗೆ ‘ಉನಿಕ್ಕಾಕ್ತುವಾತ್’ ಎನ್ನುತ್ತಾರೆ. ‘ಕುಲ್ಲಿಕ್’ ಎಂದರೆ ಸೀಲ್ ಪ್ರಾಣಿಯ ಕೊಬ್ಬಿನ ಎಣ್ಣೆಯಿಂದ ಉರಿಯುವ ಕಲ್ಲಿನ ಹಣತೆ. ಬೆಳಕು, ಬಿಸಿ, ಅಡುಗೆ, ಒದ್ದೆ ಬಟ್ಟೆ ಒಣಗಿಸುವುದು ಎಲ್ಲವೂ ಅದರಿಂದಲೇ ನಡೆಯುತ್ತಿದ್ದುದರಿಂದ, ಕಥೆಯಲ್ಲಿ ಅದು ಆರಿಹೋಯಿತೆಂದರೆ ಸಂಕಟ ಬಂತೆಂದೇ ತಿಳಿಯಬೇಕು. ‘ಉಲು’ ಹೆಂಗಸರು ಬಳಸುವ ಅರ್ಧಚಂದ್ರಾಕಾರದ ಕತ್ತಿ. ‘ಇಗ್ಲು’ ಎಂದರೆ ಹಿಮದ ಗುಮ್ಮಟವೇ ಆಗಬೇಕೆಂದಿಲ್ಲ, ಅವರ ಮಾತಿನಲ್ಲಿ ಯಾವ ಮನೆಯೂ ಇಗ್ಲುವೇ.

ಆರಂಭಕ್ಕೆ ಕಡಲ ತಾಯಿಯ ಕಥೆಯನ್ನು ಆರಿಸಿಕೊಂಡು, ಅದರ ಎರಡು ಪಾಠಗಳನ್ನಾದರೂ (ಅಂದರೆ ಒಂದೇ ಕಥೆಯನ್ನು ಬೇರೆ ಬೇರೆ ಕಡೆ ಹೇಳುವ ರೂಪಗಳನ್ನು) ಪಕ್ಕಪಕ್ಕದಲ್ಲಿಟ್ಟು ಓದಿ. ಸೆಡ್ನಾ ಎಂಬ ಹೆಸರಿನಿಂದ ಲೋಕಪ್ರಸಿದ್ಧವಾದ, ಕೆನಡಾದ ಬಾಫಿನ್ ದ್ವೀಪದ ಕಡೆಯ ಪಾಠದಲ್ಲಿ ಹಕ್ಕಿ-ಗಂಡನಿಂದ ಮಗಳನ್ನು ಬಿಡಿಸಿಕೊಂಡು ದೋಣಿಯಲ್ಲಿ ಬರುತ್ತಿದ್ದ ತಂದೆ, ಬಿರುಗಾಳಿ ಎದ್ದಾಗ ಹೆದರಿ ಅವಳನ್ನೇ ಕಡಲಿಗೆ ನೂಕುತ್ತಾನೆ. ಅವಳು ದೋಣಿಯ ಅಂಚನ್ನು ಹಿಡಿದಾಗ ಬೆರಳುಗಳನ್ನು ಕತ್ತರಿಸುತ್ತಾನೆ, ಆ ಬೆರಳುಗಳು ಕಡಲ ಪ್ರಾಣಿಗಳಾಗುತ್ತವೆ. ಕೆನಡಾದ ಇನುಯಿಟ್‌ರಲ್ಲೇ ಒಂದು ಗುಂಪಾದ ನೆಟ್ಸಿಲಿಕ್ ಜನರ ಪಾಠದಲ್ಲಿ ಅವಳ ಹೆಸರು ನುಲಿಯಾಯುಕ್, ಅವಳೊಬ್ಬ ಅನಾಥೆ; ಊರಿನವರೆಲ್ಲ ಕಯಾಕ್ ಎಂಬ ಕಿರುದೋಣಿಗಳನ್ನು ಜೋಡಿಸಿ ನೀರು ದಾಟುವಾಗ ಯಾರಿಗೂ ಬೇಡವಾದ ಆ ಹುಡುಗಿಯನ್ನು ನೀರಿಗೆ ತಳ್ಳಿ ಬೆರಳು ಕಡಿಯುತ್ತಾರೆ. ಒಂದರಲ್ಲಿ ತಂದೆಯ ದ್ರೋಹವಾದರೆ ಇನ್ನೊಂದರಲ್ಲಿ ಇಡೀ ಊರಿನ ದ್ರೋಹ. ಮುಂದೆ ಜನ ತಪ್ಪು ಮಾಡಿದಾಗ ಅವಳು ಪ್ರಾಣಿಗಳನ್ನು ತಡೆಹಿಡಿಯುತ್ತಾಳೆ, ‘ಅಂಗಕ್ಕುಕ್’ ಎಂಬ ಮಾಂತ್ರಿಕನು ಕಡಲ ತಳಕ್ಕಿಳಿದು ಅವಳ ಸಿಕ್ಕುಗಟ್ಟಿದ ಕೂದಲನ್ನು ಬಾಚಿ ಸಮಾಧಾನಪಡಿಸಬೇಕಾಗುತ್ತದೆ. ಬೆರಳಿಲ್ಲದವಳು ತಾನೇ ತಲೆ ಬಾಚಿಕೊಳ್ಳಲಾರಳಷ್ಟೆ. ಎರಡು ಪಾಠಗಳನ್ನು ಬೆರೆಸಿ ‘ಪೂರ್ಣ’ ಕಥೆಯೊಂದನ್ನು ಕಟ್ಟುವ ಸಂಪಾದಕರು ಈ ವ್ಯತ್ಯಾಸವನ್ನೇ ಅಳಿಸಿಬಿಡುತ್ತಾರೆ.

ಕಿವಿಯುಕ್ ಎಂಬ ಅಲೆಮಾರಿಯ ಕಥಾಮಾಲೆಯನ್ನು ಓದುವಾಗ ತಾಳ್ಮೆ ಬೇಕು. ಹಿಂಸೆಗೊಳಗಾದ ಹುಡುಗನೊಬ್ಬ ಸೀಲ್ ರೂಪ ತಳೆದು ಬೇಟೆಗಾರರನ್ನು ನಡುಗಡಲಿಗೆ ಸೆಳೆದೊಯ್ದಾಗ, ಅವನೊಡನೆ ದಯೆಯಿಂದಿದ್ದ ಕಿವಿಯುಕ್ ಒಬ್ಬನೇ ಬಿರುಗಾಳಿಯಿಂದ ಉಳಿಯುತ್ತಾನೆ. ಅಲ್ಲಿಂದ ಮುಂದೆ ಅವನಿಗೆ ಎದುರಾಗುವ ಹೆಬ್ಬಾತು-ಹೆಂಡತಿ ಮೊದಲಾದವರ ಪ್ರಸಂಗಗಳ ಕ್ರಮ ಹೇಳುವವರಿಗೆ ತಕ್ಕಂತೆ ಬದಲಾಗುತ್ತದೆ. ಕಿವಿಯುಕ್ ಇನ್ನೂ ಬದುಕಿದ್ದಾನೆಂದು ಹೇಳುವ ಹಿರಿಯರಿದ್ದಾರೆ. ಹಾಗಾಗಿ ಇಲ್ಲಿ ಮುಕ್ತಾಯವನ್ನು ನಿರೀಕ್ಷಿಸದೆ ಒಂದು ಸಂಜೆಗೆ ಒಂದು ಪ್ರಸಂಗವೆಂಬಂತೆ ಓದುವುದು ಒಳ್ಳೆಯದು.

ಹಾಡುಗಳನ್ನು ಕಣ್ಣಿನಲ್ಲಿ ಓದಿ ಮುಗಿಸಬಾರದು, ಬಾಯಿಬಿಟ್ಟು ಓದಬೇಕು. ‘ಅಯಾಯಾ’ ಎಂಬ ಪಲ್ಲವಿಯನ್ನು ಅರ್ಥವಿಲ್ಲದ ಶಬ್ದವೆಂದು ಅನುವಾದಕರು ಕೆಲವೊಮ್ಮೆ ಕೈಬಿಡುತ್ತಾರೆ. ಹಾಗೆ ಬಿಟ್ಟರೆ ಹಾಡಿನ ಉಸಿರೇ ಹೋದಂತೆ. ಈ ಮಾತು ಅಲಂಕಾರಕ್ಕಾಗಿ ಬಂದದ್ದಲ್ಲ: ನೆಟ್ಸಿಲಿಕ್ ಕವಿ ಓರ್ಪಿಂಗಾಲಿಕ್ ತಮ್ಮ ಒಂದು ಹಾಡನ್ನು ‘ನನ್ನ ಉಸಿರು’ ಎಂದೇ ಕರೆದಿದ್ದರು. ಅದನ್ನು ದಾಖಲಿಸಿದ ಅನ್ವೇಷಕ ಕ್ನುದ್ ರಾಸ್ಮುಸ್ಸೆನ್ ಗ್ರೀನ್‌ಲ್ಯಾಂಡಿನಲ್ಲಿ ಹುಟ್ಟಿ ಬಾಲ್ಯದಿಂದಲೇ ಅಲ್ಲಿನ ಭಾಷೆಯನ್ನು ಬಲ್ಲವರಾಗಿದ್ದು, 1921ರಿಂದ 1924ರವರೆಗಿನ ‘ಐದನೆಯ ಥೂಲೆ ಯಾತ್ರೆ’ ಎಂಬ ಆರ್ಕ್‌ಟಿಕ್ ಸಂಶೋಧನಾ ಪ್ರವಾಸದಲ್ಲಿ ಇಂಥ ಅಪಾರ ಸಾಮಗ್ರಿಯನ್ನು ಸಂಗ್ರಹಿಸಿದರು. ಆದರೂ ಅವರ ಪಠ್ಯಗಳು ಡ್ಯಾನಿಶ್ ಮೂಲಕ ಇಂಗ್ಲಿಷಿಗೆ ಬಂದವು ಎಂಬುದು ನೆನಪಿರಲಿ.

ಲಿಪಿಯ ಬಗ್ಗೆ ಕುತೂಹಲವಿದ್ದರೆ ಒಂದು ಸಂಜೆ ಸಾಕು. ಕೆನಡಾದ ಪೂರ್ವಭಾಗದಲ್ಲಿ ಬಳಕೆಯಲ್ಲಿರುವ, ಇನುಕ್ಟಿಟುಟ್ ಎಂಬ ಇನುಯಿಟ್ ಭಾಷೆಯ ಅಕ್ಷರಮಾಲೆಯಲ್ಲಿ ಆಕಾರವು ವ್ಯಂಜನವನ್ನೂ ಅದು ತಿರುಗಿರುವ ದಿಕ್ಕು ಸ್ವರವನ್ನೂ ಸೂಚಿಸುತ್ತದೆ: ತ್ರಿಕೋನದ ತುದಿ ಮೇಲಕ್ಕಿದ್ದರೆ ‘ಪಿ’, ಬಲಕ್ಕಿದ್ದರೆ ‘ಪು’, ಎಡಕ್ಕಿದ್ದರೆ ‘ಪ’. ಕಾಗುಣಿತ ಬಲ್ಲವರಿಗೆ ಇದು ಕಷ್ಟವಾಗದು. ಇದರ ಮೂಲವಾದ, ಕೆನಡಾದ ಇನ್ನೊಂದು ಮೂಲನಿವಾಸಿ ಜನರಾದ ಕ್ರೀಗಳ ಲಿಪಿಯನ್ನು 1840ರ ಸುಮಾರಿಗೆ ರೂಪಿಸಿದ ಪಾದ್ರಿ ಜೇಮ್ಸ್ ಇವಾನ್ಸ್ ಅವರ ಮೇಲೆ ದೇವನಾಗರಿಯ ಪ್ರಭಾವವಿತ್ತೆಂದು ಲಿಪಿತಜ್ಞರು ಹೇಳುತ್ತಾರೆ. ಗ್ರೀನ್‌ಲ್ಯಾಂಡಿನಲ್ಲಿ ರೋಮನ್ ಲಿಪಿಯೇ ನಡೆಯುತ್ತದೆ.

ಲಿಖಿತ ಸಾಹಿತ್ಯಕ್ಕೆ ಬಂದಾಗ ಮೊದಲು ಓದಬೇಕಾದದ್ದು, ನನ್ನ ಅಭಿಪ್ರಾಯದಲ್ಲಿ, ಇನುಯಿಟ್ ಲೇಖಕಿ ಮಿತಿಯಾರ್ಯುಕ್ ನಪ್ಪಾಲುಕ್ ಅವರ ‘ಸನಾಕ್’. 1950ರ ದಶಕದಲ್ಲಿ ಭಾಷೆ ಕಲಿಯುತ್ತಿದ್ದ ಪಾದ್ರಿಗಳು, ಬಳಕೆಯ ಪದಗಳು ಬರುವಂತೆ ವಾಕ್ಯಗಳನ್ನು ಬರೆದುಕೊಡಲು ಅವರನ್ನು ಕೇಳಿದರು. ಅವರು ಬರೆಯುತ್ತಾ ಹೋದಂತೆ ವಾಕ್ಯಗಳ ಜಾಗದಲ್ಲಿ ಸನಾಕ್ ಎಂಬ ವಿಧವೆ, ಅವಳ ಮಗಳು, ನೆರೆಹೊರೆ, ಹೊಸದಾಗಿ ಬಂದ ಬಿಳಿಯರು ಎಲ್ಲರೂ ಬಂದು ಕೂತು ಅದೊಂದು ಕಾದಂಬರಿಯಾಯಿತು. ಕೆಲಸದ ವಿವರಗಳು ಬೇಸರ ತರಿಸಿದರೆ ಈ ಹುಟ್ಟನ್ನು ನೆನೆದುಕೊಳ್ಳಿ. ಇನುಕ್ಟಿಟುಟ್ ಮೂಲ 1984ರಲ್ಲಿ, ಫ್ರೆಂಚ್ ಅನುವಾದ 2002ರಲ್ಲಿ ಮತ್ತು ಆ ಫ್ರೆಂಚಿನಿಂದ ಮಾಡಿದ ಇಂಗ್ಲಿಷ್ ಅನುವಾದ 2014ರಲ್ಲಿ ಹೊರಬಂದವು. ಇನ್ನೊಬ್ಬ ಇನುಯಿಟ್ ಲೇಖಕ ಮಾರ್ಕೂಸಿ ಪತ್ಸೌಕ್ ಅವರ ಬೇಟೆಗಾರನ ಕಥೆಯ ವಿಷಯದಲ್ಲಿ ಆಯ್ಕೆಗೆ ಅವಕಾಶವಿದೆ: 1970ರ ಇಂಗ್ಲಿಷ್ ಪುಸ್ತಕ ಲೇಖಕರೇ ಮಾಡಿದ ರೂಪಾಂತರ, 2021ರದ್ದು ಇನುಕ್ಟಿಟುಟ್ ಮೂಲದಿಂದ ನೇರವಾಗಿ ಮಾಡಿದ ಅನುವಾದ. ಎರಡನೆಯದನ್ನೇ ಮೊದಲು ಓದಿ.

ಇವುಗಳಲ್ಲಿ ಯಾವುದನ್ನಾದರೂ ಕನ್ನಡಕ್ಕೆ ತರುವ ಮನಸ್ಸಾದರೆ, ‘ಕುಲ್ಲಿಕ್’ ಅನ್ನು ಬರಿಯ ‘ದೀಪ’ವೆಂದು ಮಾಡದೆ ಹೆಸರನ್ನು ಹಾಗೆಯೇ ಉಳಿಸಿ, ಮೊದಲ ಸಲ ಬಂದಾಗ ವಿವರಿಸಿ. ಪ್ರಕಾಶಕರ ಅನುಮತಿ ಪಡೆದು, ಕಥೆ ಹೇಳಿದವರ ಹೆಸರನ್ನೂ ಊರನ್ನೂ ಶೀರ್ಷಿಕೆಯ ಕೆಳಗೇ, ಅನುವಾದಕರ ಹೆಸರಿಗಿಂತ ಮೇಲೆ ಅಚ್ಚು ಮಾಡಿಸಿ.