“ಪುಸ್ತಕಕ್ಕೆ ಏರಿಸಬ್ಯಾಡ್ರಿ” ಅಂದಾಗ ಏನು ನೋಡಬೇಕು

ದಾವಣಗೆರೆಯಲ್ಲಿ ನನ್ನದು ಪೈಪು, ಪೇಂಟಿನ ಅಂಗಡಿ. ಹನ್ನೊಂದು ವರ್ಷ ವರ್ತಕರ ಸಂಘದ ನಡಾವಳಿ ಬರೆದವನು. ಒಮ್ಮೆ ಚಹಾ ಬರುವ ಹೊತ್ತಿಗೆ ಹಿರಿಯರೊಬ್ಬರು, “ಪಿವಿಸಿ ಪೈಪಿಗೆ ಶೇಕಡಾ 8ರ ಮೇಲೆ ಯಾರೂ ಡಿಸ್ಕೌಂಟ್ ಕೊಡೋದು ಬ್ಯಾಡ. ಪುಸ್ತಕಕ್ಕೆ ಏರಿಸಬ್ಯಾಡ್ರಿ, ಬಾಯಿಮಾತಲ್ಲೇ ಇರ್ಲಿ” ಅಂದರು. ಇಂಥ ಮಾತನ್ನು ನಾನು ತೂಗುವುದು ಹೀಗೆ.

ಮೊದಲು, ಒಪ್ಪಿಕೊಳ್ಳುತ್ತಿರುವವರು ಯಾರು? ನಾನು, ಎದುರಂಗಡಿಯವನು, ಬಸ್‌ಸ್ಟ್ಯಾಂಡ್ ಹತ್ತಿರದವನು, ಮೂವರೂ ಮಾರುವುದು ಒಂದೇ ಸರಕು. ಒಳಗೊಳಗೇ ಒಪ್ಪಂದ ಮಾಡಿಕೊಂಡು ಸ್ಪರ್ಧೆ ಕೆಡಿಸುವುದನ್ನು ತಡೆಯುವ 2002ರ ಸ್ಪರ್ಧಾ ಕಾಯ್ದೆಯಲ್ಲಿ ಕಲಂ 3(3) ಇರುವುದೇ ನಮ್ಮಂಥ ಪ್ರತಿಸ್ಪರ್ಧಿಗಳಿಗೆ. ಕಂಪನಿ ಮತ್ತು ಡೀಲರ್ ನಡುವಿನ ಕರಾರಾದರೆ ಕಲಂ 3(4). ಅಲ್ಲಿ ಸ್ಪರ್ಧೆಗೆ ಪೆಟ್ಟು ಬಿದ್ದದ್ದನ್ನು ತೋರಿಸಿಕೊಡಬೇಕು. ನಮ್ಮ ನಡುವೆ ಸುದ್ದಿ ಸಾಗಿಸಿ ಕೂಟ ಕಟ್ಟಿದ ಡಿಸ್ಟ್ರಿಬ್ಯೂಟರ್ ಮಾತ್ರ ‘ನನ್ನ ವ್ಯಾಪಾರ ಬೇರೆ’ ಎಂದು ಜಾರಿಕೊಳ್ಳುವಂತಿಲ್ಲ. 2023ರ ತಿದ್ದುಪಡಿ ಅವನನ್ನೂ ಕಲಂ 3(3)ರ ಒಳಗೆಳೆದಿದೆ.

ಆಮೇಲೆ ವಿಷಯ. ಬೆಲೆ ಕಟ್ಟುವುದು, ಉತ್ಪಾದನೆ ಅಥವಾ ಪೂರೈಕೆ ಬಿಗಿ ಹಿಡಿಯುವುದು, ಏರಿಯಾ ಇಲ್ಲವೇ ಗಿರಾಕಿಗಳನ್ನು ಹಂಚಿಕೊಳ್ಳುವುದು, ಟೆಂಡರಿನಲ್ಲಿ ಒಳಒಪ್ಪಂದ. ಈ ನಾಲ್ಕರಲ್ಲಿ ಒಂದಿದ್ದರೂ ಸ್ಪರ್ಧೆಗೆ ಹಾನಿಯಾಗಿದೆ ಎಂದೇ ಕಾನೂನು ಭಾವಿಸುತ್ತದೆ. ಡಿಸ್ಕೌಂಟಿಗೆ ಮಿತಿ ಹಾಕಿದರೂ ಬೆಲೆ ಕಟ್ಟಿದಂತೆಯೇ. ‘ಪರೋಕ್ಷವಾಗಿ’ ಎಂಬ ಪದ ಕಲಮಿನಲ್ಲೇ ಇದೆ. ಪ್ರತಿಸ್ಪರ್ಧಿಗಳು ಸೇರಿ ನೇರವಾಗಿ ಬೆಲೆ ಕಟ್ಟಿದರೆ ಅಮೆರಿಕದ ಕೋರ್ಟುಗಳು ಸಮಜಾಯಿಷಿಯನ್ನೇ ಕೇಳುವುದಿಲ್ಲ. ನಮ್ಮಲ್ಲಿ ಕೇಳುತ್ತಾರೆ, ಆದರೆ ಹಾನಿಯಾಗಿಲ್ಲವೆಂದು ತೋರಿಸುವ ಹೊರೆ ನಮ್ಮ ತಲೆಮೇಲೆ.

ಕಗ್ಗಂಟಿರುವುದು ಮೂರನೆಯದರಲ್ಲಿ: ಒಪ್ಪಂದ ಇತ್ತೇ? ಬರವಣಿಗೆ ಬೇಕಿಲ್ಲ, ಸಹಿ ಬೇಕಿಲ್ಲ. ಕಲಂ 2(ಬಿ) ಪ್ರಕಾರ ಮಾತಾಡಿಕೊಂಡು ಕೂಡಿ ನಡೆದರೂ ಒಪ್ಪಂದವೇ. ಹಾಗಂತ ರೇಟು ಒಂದೇ ಇದ್ದ ಮಾತ್ರಕ್ಕೆ ಕಳ್ಳರೆನ್ನಲಾಗದು. ಭಾರತೀಯ ಆಹಾರ ನಿಗಮದ 2009ರ ಟೆಂಡರಿನಲ್ಲಿ, ಧಾನ್ಯದ ಹುಳಕ್ಕೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಗೆ ಮೂರು ಕಂಪನಿಗಳು ಕಿಲೋಗೆ 388 ರೂಪಾಯಿ ಎಂದೇ ಬರೆದಿದ್ದವು. ಖರ್ಚು ಬೇರೆಬೇರೆ, ರೇಟು ಒಂದೇ, ಹಿಂದಿನಿಂದಲೂ ಅದೇ ಚಾಳಿ. 2017ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಳಒಪ್ಪಂದ ಎಂದಿತು. ಮರುವರ್ಷ ಎಲ್‌ಪಿಜಿ ಸಿಲಿಂಡರ್ ತಯಾರಕರನ್ನು ಅದೇ ಕೋರ್ಟ್ ಬಿಟ್ಟಿತು: ಕೊಳ್ಳುವವರೇ ಮೂರು ತೈಲ ಕಂಪನಿಗಳು, ರೇಟು ಹತ್ತಿರ ಬರುವುದಕ್ಕೆ ಮಾರುಕಟ್ಟೆಯ ಸ್ಥಿತಿಯೇ ಕಾರಣ. ಆದ್ದರಿಂದ ರೇಟಿನ ಹಿಂದೆ ಸಭೆ, ಫೋನು, ವಾಟ್ಸಾಪ್ ಏನಿದೆ ನೋಡಿ.

ನಮ್ಮ ಸಭೆಯಲ್ಲಿ ಹುಡುಕುವುದಕ್ಕೇನೂ ಇರಲಿಲ್ಲ, ಎಲ್ಲ ಕಣ್ಣೆದುರೇ. ಪ್ರತಿಸ್ಪರ್ಧಿಗಳ ಇಂಥ ಒಳಕೂಟಕ್ಕೆ, ಅಂದರೆ ಕಾರ್ಟೆಲ್‌ಗೆ, ದಂಡ, ಅದು ನಡೆದ ಪ್ರತಿ ವರ್ಷದ ಲಾಭದ ಮೂರು ಪಟ್ಟು ಅಥವಾ ವಹಿವಾಟಿನ ಶೇಕಡಾ 10, ಯಾವುದು ಹೆಚ್ಚೋ ಅಲ್ಲಿಯವರೆಗೂ ಹೋಗಬಹುದು. “ಅಣ್ಣಾರೆ, ನಾನು ಒಪ್ಪಿಲ್ಲ ಅಂತ ಬರೀತೀನ್ರಿ” ಎಂದು ಆಕ್ಷೇಪಣೆಯ ಜೊತೆ ಆಗ ಎಷ್ಟು ಗಂಟೆ ಎಂಬುದನ್ನೂ ಪುಸ್ತಕಕ್ಕೆ ಏರಿಸಿ, ಚಹಾ ಅಲ್ಲೇ ಬಿಟ್ಟು ಎದ್ದುಬಂದೆ.