ಬಿಸಿನೀರು ಸಣ್ಣಗೆ ಬರುತ್ತಿದ್ದರೆ: ಪುಣೆಯ ಫ್ಲ್ಯಾಟುಗಳಲ್ಲಿ ದೋಷ ಹುಡುಕುವ ಕ್ರಮ

ಡಿಸೆಂಬರ್, ಜನವರಿಯ ಕೆಲವು ಮುಂಜಾವುಗಳಲ್ಲಿ ಪುಣೆಯ ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಇಳಿಯುತ್ತದೆ. ಆ ಹೊತ್ತಿನಲ್ಲಿ ಬಿಸಿನೀರು ಸಣ್ಣಗೆ ಬರತೊಡಗಿದರೆ ಪ್ರೆಷರ್ ಪಂಪ್ ಕೂಡಿಸಿಬಿಡಿ ಎಂಬ ಸಲಹೆ ತಕ್ಷಣ ಸಿಗುತ್ತದೆ. ನೀರು ಎಲ್ಲಿ ತಡೆಯುತ್ತಿದೆ ಎಂದು ತಿಳಿಯುವವರೆಗೆ ದಯವಿಟ್ಟು ಪಂಪ್ ಕೊಳ್ಳಬೇಡಿ.

ಮೊದಲು 10 ಲೀಟರಿನ ಬಕೆಟ್ ಇಟ್ಟು, ಒಂದೇ ನಲ್ಲಿಯಿಂದ ತಣ್ಣೀರನ್ನೂ ಬಳಿಕ ಬಿಸಿನೀರನ್ನೂ ಪೂರ್ತಿ ಬಿಟ್ಟು, ತುಂಬಲು ಹಿಡಿದ ಸಮಯವನ್ನು ಬರೆದುಕೊಳ್ಳಿ. ಎರಡೂ ನಿಧಾನವಾಗಿದ್ದರೆ ದೋಷ ಗೀಸರಿನದಲ್ಲ. ತಾರಸಿಯ ಟ್ಯಾಂಕಿನಿಂದ ಇಳಿಯುವ ನೀರಿಗೆ ಪ್ರತಿ 10 ಮೀಟರ್ ಎತ್ತರಕ್ಕೆ ಸುಮಾರು 1 ಬಾರ್ ಒತ್ತಡವಿರುತ್ತದೆ. ಟ್ಯಾಂಕು ನಲ್ಲಿಗಿಂತ ಕೇವಲ 3-4 ಮೀಟರ್ ಮೇಲಿರುವ ಕೊನೆಯ ಮಹಡಿಯವರಿಗೆ ಅರ್ಧ ಬಾರ್ ಕೂಡ ಸಿಗುವುದಿಲ್ಲ. ಪಂಪ್ ನಿಜವಾಗಿ ಬೇಕಾಗುವುದು ಇಂಥವರಿಗೆ. ಕೆಳಗಿನ ಮಹಡಿಯವರು ಮನೆಯ ಮುಖ್ಯ ವಾಲ್ವ್ ಪೂರ್ತಿ ತೆರೆದಿದೆಯೇ ಎಂದು ನೋಡಿದರೆ ಸಾಕಾಗಬಹುದು.

ಬಿಸಿನೀರು ಮಾತ್ರ ಸಣ್ಣಗಿದ್ದು, ಅದೂ ಒಂದೇ ಕಡೆ ಆಗುತ್ತಿದ್ದರೆ, ಆ ನಲ್ಲಿಯಲ್ಲಿ ಅಥವಾ ಅದರ ಆಂಗಲ್ ಕಾಕ್‌ನಲ್ಲಿ (ಗೋಡೆಯ ಬಳಿ ನೀರನ್ನು ನಿಲ್ಲಿಸುವ ಸಣ್ಣ ವಾಲ್ವ್) ಕಸ ಸಿಕ್ಕಿಕೊಂಡಿರುತ್ತದೆ. ಟ್ಯಾಂಕರ್, ಬೋರ್‌ವೆಲ್ ನೀರನ್ನು ನೆಚ್ಚಿಕೊಂಡ ಹೊರವಲಯದ ಸೊಸೈಟಿಗಳಲ್ಲಿ ನೀರು ಗಡಸಾಗಿದ್ದರೆ, ಕಾಯಿಸಿದಾಗ ಅದರಲ್ಲಿರುವ ಸುಣ್ಣ ಬೇರ್ಪಟ್ಟು ಅಂಟಿಕೊಳ್ಳುತ್ತದೆ. ಶವರಿನ ರಂಧ್ರಗಳ ಸುತ್ತ ಉಗುರಿಗೆ ಒರಟಾಗಿ ತಗಲುವ ಬಿಳಿ ಪೊರೆ ಅದೇ. ಶವರನ್ನು ಬಿಚ್ಚಿ ವಿನೆಗರಿನಲ್ಲಿ ಅರ್ಧ ಗಂಟೆ ನೆನೆಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಬೇಕು.

ಎಲ್ಲ ನಲ್ಲಿಗಳಲ್ಲೂ ಬಿಸಿನೀರು ಸಣ್ಣಗಿದ್ದರೆ ಗೀಸರಿನ ಹತ್ತಿರ ಹುಡುಕಬೇಕು. ಕೈಹಾಕುವ ಮೊದಲು ವಿದ್ಯುತ್ ಬೋರ್ಡಿನಲ್ಲಿರುವ ಅದರ ಎಂಸಿಬಿ ಸ್ವಿಚ್ಚನ್ನು ಇಳಿಸಿ, ನೀರು ತಣಿಯಲು ಬಿಡಿ. ತಣ್ಣೀರು ಒಳಹೋಗುವ ಬಾಯಿಯಲ್ಲಿ ಕೂಡಿಸಿದ ಸುರಕ್ಷಾ ವಾಲ್ವ್‌ನೊಳಗೆ, ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಸಣ್ಣ ಬಾಗಿಲೊಂದಿದೆ. ಅದು ಸುಣ್ಣಗಟ್ಟಿ ಅರ್ಧ ತೆರೆದು ನಿಂತರೆ ಇಡೀ ಮನೆಯ ಬಿಸಿನೀರು ಕುಗ್ಗುತ್ತದೆ. ವಾಲ್ವ್ ಬದಲಿಸುವ ಕೆಲಸವನ್ನು ಪ್ಲಂಬರಿಗೇ ಬಿಡಿ. ಕಾದ ನೀರು ಹಿಗ್ಗುವುದರಿಂದ ಅದೇ ವಾಲ್ವ್‌ನಿಂದ ಒಮ್ಮೊಮ್ಮೆ ಹನಿ ತೊಟ್ಟಿಕ್ಕುವುದು ಸಹಜ. ಆ ಹನಿಯನ್ನು ನಿಲ್ಲಿಸಲೆಂದು ರಂಧ್ರಕ್ಕೆ ಬಿರಡೆ ಬಡಿಯುವುದನ್ನು ಯಾರೂ ಮಾಡಕೂಡದು, ಒತ್ತಡ ಹೊರಹೋಗದೆ ಗೀಸರ್ ಸಿಡಿಯುವ ಅಪಾಯವಿದೆ.

ತಾರಸಿಯ ಸೋಲಾರ್‌ನಿಂದ ಬರುವ ನೀರು ಗೊರಗೊರ ಸದ್ದು ಮಾಡುತ್ತಾ ತಡೆತಡೆದು ಬಂದರೆ ಕೊಳವೆಯಲ್ಲಿ ಗಾಳಿ ಸಿಕ್ಕಿಕೊಂಡಿದೆ ಎಂದರ್ಥ. ತಣ್ಣೀರಿನ ಟ್ಯಾಂಕು ಖಾಲಿಯಾಗಿ ಮತ್ತೆ ತುಂಬಿದ ಮೇಲೆ ಹೀಗಾಗುವುದು ಹೆಚ್ಚು. ಗಾಳಿ ಹೊರಹೋಗಲೆಂದು ಬಿಟ್ಟ ನಿಂತ ಕೊಳವೆಯ ಬಾಯಿ ಮುಚ್ಚಿರಬಾರದು, ಮತ್ತು ಅದು ತಣ್ಣೀರಿನ ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಮೇಲಿರಬೇಕು. ಅದು ಸರಿಯಿದ್ದರೆ, ಮಿಕ್ಸರ್ ನಲ್ಲಿಯ ಬಾಯಿಗೆ ದಪ್ಪ ಬಟ್ಟೆಯನ್ನು ಒತ್ತಿಹಿಡಿದು ತಣ್ಣೀರು, ಬಿಸಿನೀರು ಎರಡನ್ನೂ ತೆರೆಯಿರಿ. ತಣ್ಣೀರಿನ ಒತ್ತಡ ಹೆಚ್ಚಿದ್ದರೆ ಅದು ಬಿಸಿನೀರಿನ ಕೊಳವೆಗೆ ನುಗ್ಗಿ ಗಾಳಿಯನ್ನು ಮೇಲಕ್ಕೆ ತಳ್ಳುತ್ತದೆ. ಒಂದು ನಿಮಿಷದೊಳಗೆ ಬಟ್ಟೆ ತೆಗೆದು, ತಣ್ಣೀರನ್ನು ನಿಲ್ಲಿಸಿ, ಬಕೆಟ್ ಇಟ್ಟು ಬಿಸಿನೀರಿನ ಸಮಯವನ್ನು ಮತ್ತೆ ಅಳೆಯಿರಿ.