ಕುಕ್ಕರ್‌ನಲ್ಲಿ ಪೋರ್ಕ್ ರಿಬ್ಸ್: ಕೊನೆಗೂ ಹದ ಸಿಕ್ಕಿತು

ಕಳೆದ ಕ್ರಿಸ್ಮಸ್‌ಗೆ ನಮ್ಮ ಮನೆಯಿಂದ ಹೆಚ್ಚುಕಡಿಮೆ 14 ಕಿಲೋ ಬಾರ್ಬೆಕ್ಯೂ ರಿಬ್ಸ್ (ಹಂದಿಯ ಪಕ್ಕೆಲುಬು) ಆರ್ಡರ್ ಹೋಯಿತು. ಅಷ್ಟೂ ಮೊದಲು ಕುಕ್ಕರ್‌ನಲ್ಲಿ ಬೆಂದು, ಆಮೇಲೆ ಗೆರಟೆ (ತೆಂಗಿನ ಚಿಪ್ಪು) ಕೆಂಡದ ಮೇಲೆ ಕೂತದ್ದು. ಮೂರು ವರ್ಷದ ಹಿಂದೆ ನಾನು ಈ ಮಾತು ತೆಗೆದಾಗ ಭಾವ ಕೇಳಲು ಕೂಡ ತಯಾರಿರಲಿಲ್ಲ. "ಕುಕ್ಕರಿಗೆ ಹಾಕಿದರೆ ಅದು ದುಕ್ರಾ ಮಾಸ್ ಮಾರಾಯ, ಬಾರ್ಬೆಕ್ಯೂ ಅಲ್ಲ" ಎಂದರು. ದುಕ್ರಾ ಮಾಸ್ ಎಂದರೆ ಕೊಂಕಣಿಯಲ್ಲಿ ಹಂದಿ ಮಾಂಸದ ಪದಾರ್ಥ. ಅವರು ಹತ್ತು ಹನ್ನೆರಡು ವರ್ಷ ಹೊರದೇಶದ ಹೋಟೆಲ್ ಅಡುಗೆಮನೆಯಲ್ಲಿ ದುಡಿದವರು. ಅವರ ಮಾತಿಗೆ ಮನೆಯಲ್ಲಿ ಎಲ್ಲರೂ ತಲೆಯಾಡಿಸಿದರು. ನನಗೆ ಅದು ಮನಸ್ಸಿಗೆ ತಾಗಿತು.

ಅದಕ್ಕೂ ಮೊದಲು ನಾನೂ ಅವರ ದಾರಿಯಲ್ಲೇ ಹೋದದ್ದು. ಎಣ್ಣೆ ಡ್ರಮ್ ಕತ್ತರಿಸಿ, ವೆಲ್ಡಿಂಗ್ ಮಾಡಿಸಿ, ಒಳಗೆ ಜಾಲರಿ ಕೂರಿಸಿದೆ. ಎಲ್ಲ ಸೇರಿ 4,800 ರೂಪಾಯಿ ಆಯಿತು. ಅಮೆರಿಕದವರ 3-2-1 ಲೆಕ್ಕ ನಿಮಗೆಲ್ಲ ಗೊತ್ತೇ ಇದೆ: ಮೂರು ಗಂಟೆ ಹೊಗೆ, ಎರಡು ಗಂಟೆ ಫಾಯಿಲ್ ಸುತ್ತಿ, ಒಂದು ಗಂಟೆ ಸಾಸ್ ಹಚ್ಚಿ. ಆರು ಗಂಟೆ ಹೊತ್ತು 110 ಡಿಗ್ರಿ ಆಸುಪಾಸಿನಲ್ಲೇ ಬಿಸಿ ನಿಲ್ಲಬೇಕು. ನನ್ನ ಡ್ರಮ್‌ನಲ್ಲಿ ಅದು ಒಂದು ಗಂಟೆ ಕೂಡ ನಿಲ್ಲಲಿಲ್ಲ. ಗೆರಟೆ ಬೇಗ ಹೊತ್ತಿ ಬೇಗ ಆರುತ್ತದೆ. ಮರದ ಇದ್ದಿಲು ಒಂದು ಸಲಕ್ಕೆ ಐದಾರು ಕಿಲೋ ಬೇಕಾಗುತ್ತಿತ್ತು. ಪಕ್ಕದ ಮನೆಯವರ ಬಟ್ಟೆಗೆ ಹೊಗೆ ವಾಸನೆ ಹಿಡಿದು ಅದೊಂದು ಮಾತು ಬೇರೆ. ಜೂನ್ ಮೊದಲ ವಾರ ಮಳೆ ಹಿಡಿಯಿತು. ಅಲ್ಲಿಗೆ ಮುಗಿಯಿತು. ನಮ್ಮೂರಿನ ಮಳೆಯಲ್ಲಿ ನಾಲ್ಕು ತಿಂಗಳು ಅಂಗಳದಲ್ಲಿ ಆರು ಗಂಟೆ ಬೆಂಕಿ ಕಾಯುವುದು ಆಗುವ ಕೆಲಸವೇ ಅಲ್ಲ. ಸೆಪ್ಟೆಂಬರ್‌ಗೆ ನೋಡಿದರೆ ಡ್ರಮ್‌ನ ತಳ ತುಕ್ಕು ಹಿಡಿದು ತೂತಾಗಿತ್ತು. ಗುಜರಿಗೆ ಕೊಟ್ಟಾಗ 400 ಸಿಕ್ಕಿತು.

ಕುಕ್ಕರ್ ಯೋಚನೆ ಬಂದದ್ದು ಆ ಮಳೆಗಾಲದಲ್ಲೇ. ಗಟ್ಟಿ ಮಾಂಸ ಮೆತ್ತಗಾಗುವುದಷ್ಟೇ ಬೇಕಾದರೆ ಅದು ಕುಕ್ಕರ್‌ನಲ್ಲಿ ಅರ್ಧ ಗಂಟೆಯ ಕೆಲಸ. ಕೆಂಡ ಬೇಕಾದದ್ದು ಕೊನೆಯ ಹತ್ತು ನಿಮಿಷಕ್ಕೆ. ಅಷ್ಟಾದರೆ ಮಾಡಿನ ಕೆಳಗೆ ಸಣ್ಣ ಕೆಂಡದ ಒಲೆಯಲ್ಲೂ ಆಗುತ್ತದೆ, ಅಲ್ವಾ?

ಹೇಳುವುದು ಸುಲಭ. ಮೊದಲ ಸಲ ಸಾಸನ್ನೇ ಕುಕ್ಕರಿಗೆ ಸುರಿದೆ. ಟೊಮೆಟೊ, ಬೆಲ್ಲ, ವಿನೆಗರ್ ಎಲ್ಲ ಒಟ್ಟಿಗೆ. ದಪ್ಪ ಸಾಸ್ ತಳ ಹಿಡಿಯಿತು. ಬೆಲ್ಲ ಕರಟಿ ಹೋಯಿತು. ವಿಸಿಲ್ ಬರಲೇ ಇಲ್ಲ, ಸೇಫ್ಟಿ ವಾಲ್ವ್ ಹಾರಿತು. ಒಂದೂಕಾಲು ಕಿಲೋ ಮಾಂಸ ನಾಯಿಗೂ ಬೇಡವಾಯಿತು. ಎರಡನೇ ಸಲ ನೀರು ಜಾಸ್ತಿ ಹಾಕಿ ಆರು ಕೂಗು ಕೂಗಿಸಿದೆ. ಮುಚ್ಚಳ ತೆಗೆದಾಗ ಎಲುಬು ಒಂದು ಕಡೆ, ಮಾಂಸ ಒಂದು ಕಡೆ. ಸತ್ವವೆಲ್ಲ ನೀರಿಗೆ ಇಳಿದಿತ್ತು. ಆ ದಿನ ಅದನ್ನೇ ಬಫಾತ್ (ನಮ್ಮ ಕಡೆಯ ಮಸಾಲೆ ಪದಾರ್ಥ) ಮಾಡಿ ತಿಂದೆವು. ಭಾವ ಏನೂ ಹೇಳಲಿಲ್ಲ, ಸುಮ್ನೆ ನಕ್ಕರು. ಮೂರನೇ ಸಲ ಹೆದರಿ ಎರಡೇ ಕೂಗಿಗೆ ಇಳಿಸಿದೆ. ರಬ್ಬರ್!

ಆಮೇಲೆ ಕೂಗು ಎಣಿಸುವುದನ್ನೇ ಬಿಟ್ಟೆ. ಒಂದು ಕುಕ್ಕರಿನ ನಾಲ್ಕು ಕೂಗು ಇನ್ನೊಂದರ ಏಳಕ್ಕೆ ಸಮ. ಮುಚ್ಚಳದ ರಬ್ಬರ್ ಹಳೆಯದಾದರೆ ಲೆಕ್ಕವೇ ಬೇರೆ. ಗಡಿಯಾರ ನೋಡಬೇಕು. ದೊಡ್ಡ ಉರಿಯಲ್ಲಿ ಮೊದಲ ಕೂಗು ಬಂದ ಕೂಡಲೇ ಸಿಮ್ ಮಾಡಿ, ಅಲ್ಲಿಂದ 18 ನಿಮಿಷ. ಇದು ನನ್ನ ಐದು ಲೀಟರ್ ಕುಕ್ಕರಿನ ಲೆಕ್ಕ. ಎಲುಬಿನ ಮೇಲೆ ಮಾಂಸ ದಪ್ಪ ಇದ್ದರೆ 22.

ಉರಿ ಆರಿಸಿದ ಮೇಲೆ ಮುಟ್ಟಬೇಡಿ. ನಾನು ನಾಲ್ಕೈದು ಸಲ ಅವಸರ ಮಾಡಿ ಕುಕ್ಕರನ್ನು ನಲ್ಲಿ ಕೆಳಗೆ ಹಿಡಿದು ಒತ್ತಡ ಇಳಿಸಿದ್ದೇನೆ. ಪ್ರತಿ ಸಲವೂ ಮಾಂಸ ಒಣ ನಾರಾಯಿತು. ಒತ್ತಡ ಒಮ್ಮೆಲೇ ಇಳಿದಾಗ ಮಾಂಸದ ಒಳಗಿನ ನೀರು ಕುದಿದು ಹೊರಗೆ ಬಂದುಬಿಡುತ್ತದೆ. ತಾನಾಗಿಯೇ ಇಳಿಯಲು ಇಪ್ಪತ್ತು ನಿಮಿಷ ಬಿಟ್ಟರೆ ಆ ರಸ ಅಲ್ಲೇ ನಿಲ್ಲುತ್ತದೆ. ಇಷ್ಟು ಸಣ್ಣ ವಿಷಯ ತಿಳಿಯಲು ನನಗೆ ಸುಮಾರು ಆರು ಕಿಲೋ ಮಾಂಸ ಖರ್ಚಾಯಿತು.

ಮಾಂಸದ ವಿಷಯಕ್ಕೆ ಬರುತ್ತೇನೆ, ಅರ್ಧ ಗೆಲುವು ಅಲ್ಲೇ ಇದೆ. ನಮ್ಮಲ್ಲಿ ಪೋರ್ಕ್ ಎಂದರೆ ಚರ್ಮ, ಕೊಬ್ಬು, ಎಲುಬು ಎಲ್ಲ ಸೇರಿಸಿ ಕೊಚ್ಚಿ ಕೊಡುವುದೇ ರೂಢಿ. ಬಫಾತ್‌ಗೆ ಅದೇ ಚೆಂದ. ರಿಬ್ಸ್‌ಗೆ ಪಕ್ಕೆಲುಬು ಹಲಗೆಯಾಗಿಯೇ ಬೇಕು. ಮಂಗಳೂರಿನ ಕಂಕನಾಡಿ ಕಡೆ ನಾನು ಮಾಮೂಲಿ ತೆಗೆದುಕೊಳ್ಳುವ ಅಂಗಡಿಯವರು ಮೊದಲು ಒಪ್ಪಲಿಲ್ಲ. ಹಲಗೆ ಪೂರ್ತಿ ನನಗೆ ಕೊಟ್ಟರೆ ಉಳಿದ ಗಿರಾಕಿಗಳ ಪಾಲಿಗೆ ಎಲುಬು ಬರುವುದಿಲ್ಲ, ಅವರು ಬೈಯುತ್ತಾರೆ ಎಂದರು. ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಕಿಲೋಗೆ 50 ರೂಪಾಯಿ ಜಾಸ್ತಿ ಕೊಡುತ್ತೇನೆ, ಶುಕ್ರವಾರವೇ ಹೇಳಿಡುತ್ತೇನೆ ಎಂದ ಮೇಲೆ ದಾರಿ ಆಯಿತು. ಆಗ ನನಗೆ ಕಿಲೋಗೆ 400 ಆಸುಪಾಸು ಬೀಳುತ್ತಿತ್ತು. ಮೇಲಿನ ಕೊಬ್ಬು ಅರ್ಧ ಬೆರಳಿಗಿಂತ ದಪ್ಪ ಇದ್ದರೆ ಅಲ್ಲೇ ತೆಗೆಸಿ. ಎಲುಬಿನ ಕಡೆಯ ಪೊರೆಯನ್ನು ಮನೆಯಲ್ಲಿ ಒಣ ಬಟ್ಟೆಯಲ್ಲಿ ಹಿಡಿದು ಎಳೆದರೆ ಒಂದೇ ಸಲಕ್ಕೆ ಬರುತ್ತದೆ. ಅದನ್ನು ಬಿಟ್ಟರೆ ಮಸಾಲೆ ಒಳಗೆ ಇಳಿಯುವುದಿಲ್ಲ.

ಮಸಾಲೆಗೆ ನಾನು ಅಮೆರಿಕದ ಮೆಂಫಿಸ್ ಕಡೆಯ ಒಣ ಪುಡಿಯನ್ನು ತುಂಬಾ ಸಲ ಮಾಡಿ ನೋಡಿದೆ. ಪ್ಯಾಪ್ರಿಕಾ, ಬೆಳ್ಳುಳ್ಳಿ ಪುಡಿ, ಕಂದು ಸಕ್ಕರೆ ಎಲ್ಲ ಪ್ಯಾಕೆಟ್ಟಿನದ್ದು, ದುಡ್ಡು ಜಾಸ್ತಿ, ರುಚಿ ಸಪ್ಪೆ. ಒಂದು ದಿನ ಡಬ್ಬದಲ್ಲಿದ್ದ ಮನೆಯ ಬಫಾತ್ ಪುಡಿಯನ್ನೇ ಹಚ್ಚಿದೆ. ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಅರಿಶಿನ. ಹಂದಿ ಮಾಂಸಕ್ಕಾಗಿಯೇ ಹುಟ್ಟಿದ ಪುಡಿ ಮನೆಯಲ್ಲೇ ಇರುವಾಗ ಹೊರಗೆ ಯಾಕೆ ಹುಡುಕಬೇಕು? ಕಿಲೋಗೆ ಎರಡು ದೊಡ್ಡ ಚಮಚ ಪುಡಿ, ಒಂದೂವರೆ ಸಣ್ಣ ಚಮಚ ಉಪ್ಪು, ಜಜ್ಜಿದ ಬೆಳ್ಳುಳ್ಳಿ. ನಾಲ್ಕು ಗಂಟೆ ಇಟ್ಟರೆ ಸಾಕು. ಇದರ ಜೊತೆ ಹುರಿದು ಪುಡಿ ಮಾಡಿ ಸೇರಿಸುವ ಇನ್ನೊಂದು ಸಾಮಾನು ಉಂಟು. ಅದನ್ನು ಇಲ್ಲಿ ಬರೆಯುವುದಿಲ್ಲ. ಅದು ಅಮ್ಮ ಹೇಳಿಕೊಟ್ಟದ್ದು, ಆರ್ಡರ್ ಮತ್ತೆ ಮತ್ತೆ ಬರುವುದೂ ಅದರಿಂದಲೇ.

ಕುಕ್ಕರ್ ತಳಕ್ಕೆ ಇಡ್ಲಿ ಪಾತ್ರೆಯ ತೂತಿನ ತಟ್ಟೆ, ಅದರ ಕೆಳಗೆ ಒಂದು ಲೋಟ ನೀರು, ಎರಡು ಚಮಚ ಕಳ್ಳಿನ ವಿನೆಗರ್. ಹಲಗೆಯನ್ನು ನಾಲ್ಕು ನಾಲ್ಕು ಎಲುಬಿನ ತುಂಡು ಮಾಡಿ ಸುತ್ತಲೂ ನಿಲ್ಲಿಸಿ. ಮಲಗಿಸಿದರೆ ಕೆಳಗಿನದ್ದು ನೀರಲ್ಲಿ ಬೇಯುತ್ತದೆ, ಮೇಲಿನದ್ದು ಹಬೆಯಲ್ಲಿ. ಐದು ಲೀಟರಿಗೆ ಒಂದೂಕಾಲು ಕಿಲೋ ಹಿಡಿಯುತ್ತದೆ, ಜಾಸ್ತಿ ತುರುಕಬೇಡಿ.

ಇನ್ನು ಒಣಗಿಸುವುದು. ಭಾವನ ಬಾಯಿ ಕಟ್ಟಿದ್ದು ಇದೇ. ಒಂದು ವರ್ಷ ನಾನು ಕುಕ್ಕರಿನಿಂದ ತೆಗೆದು ನೇರ ಕೆಂಡಕ್ಕೆ ಹಾಕುತ್ತಿದ್ದೆ. ಒದ್ದೆ ಮಾಂಸ ಜಾಲರಿಗೆ ಅಂಟುತ್ತಿತ್ತು, ಸಾಸ್ ಜಾರುತ್ತಿತ್ತು, ಮೇಲೆ ಕರುಕಲು ಕಟ್ಟುತ್ತಿರಲಿಲ್ಲ. ತಿಂದರೆ ಬೇಯಿಸಿದ ಮಾಂಸದ ರುಚಿಯೇ. ಒಂದು ಶನಿವಾರ ಬೇಯಿಸಿಟ್ಟ ಮೇಲೆ ಕರೆಂಟ್ ಹೋಯಿತು, ಮಳೆಯೂ ಜೋರು. ಕೆಂಡ ಮಾಡುವ ಹಾಗಿರಲಿಲ್ಲ. ಕರೆಂಟ್ ಬಂದ ಮೇಲೆ ತುಂಡುಗಳನ್ನು ಮುಚ್ಚದೆ ಹಾಗೇ ಫ್ರಿಜ್ಜಿನಲ್ಲಿಟ್ಟೆ. ಮರುದಿನ ನೋಡಿದರೆ ಮೇಲ್ಮೈ ಒಣಗಿ ಚರ್ಮದ ಹಾಗೆ ಬಿಗಿಯಾಗಿತ್ತು. ಕೆಂಡಕ್ಕೆ ಹಾಕಿದ್ದೇ ತಡ, ಚುರ್ ಎಂದು ಕಟ್ಟಿಕೊಂಡಿತು. ಎಲುಬಿನಿಂದ ಮಾಂಸ ಕಚ್ಚಿದಷ್ಟೇ ಬಿಡುತ್ತಿತ್ತು, ಉಳಿದದ್ದು ಅಲ್ಲೇ ನಿಂತಿತ್ತು. ಭಾವ ಎರಡು ಎಲುಬು ತಿಂದರು, ಮೂರನೆಯದಕ್ಕೆ ಕೈ ಹಾಕಿದರು. "ಎಷ್ಟು ಗಂಟೆ ಹೊಗೆ ಕೊಟ್ಟೆ?" ಎಂದು ಕೇಳಿದರು. ನನಗೆ ಆ ಪ್ರಶ್ನೆ ಸಾಕಾಗಿತ್ತು.

ಈಗ ನಾನು ಯಾವತ್ತೂ ಎರಡು ದಿನದ ಕೆಲಸವಾಗಿಯೇ ಮಾಡುತ್ತೇನೆ. ಮೊದಲ ದಿನ ಬೇಯಿಸಿ, ಅಗಲ ಸಟ್ಟುಗದಲ್ಲಿ ಎತ್ತಿ, ಬಟ್ಟೆಯಿಂದ ಒತ್ತಿ, ಅರ್ಧ ಗಂಟೆ ಫ್ಯಾನ್ ಕೆಳಗಿಟ್ಟು ಫ್ರಿಜ್ಜಿಗೆ. ಕುಕ್ಕರಿನ ರಸವನ್ನು ಬೇರೆ ಪಾತ್ರೆಯಲ್ಲಿಡುತ್ತೇನೆ. ಬೆಳಿಗ್ಗೆ ಅದರ ಮೇಲೆ ಬಿಳಿ ಕೊಬ್ಬು ಗಟ್ಟಿಯಾಗಿರುತ್ತದೆ. ಅದನ್ನು ತೆಗೆದಿಡಿ, ಈರುಳ್ಳಿ ಹುರಿಯಲು ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಕೆಳಗಿನ ರಸಕ್ಕೆ ಎರಡು ಟೊಮೆಟೊ, ಸ್ವಲ್ಪ ಹುಣಸೆ, ನಿಂಬೆ ಗಾತ್ರದ ಎರಡು ತುಂಡು ವಾಲೆ ಬೆಲ್ಲ (ಕಪ್ಪು ಬೆಲ್ಲ) ಹಾಕಿ ಅರ್ಧಕ್ಕೆ ಬತ್ತಿಸಿದರೆ ಸಾಸ್ ಆಯಿತು. ಅಮೆರಿಕದ ಕಾನ್ಸಾಸ್ ಸಿಟಿಯವರು ಟೊಮೆಟೊ ಸಾಸಿಗೆ ಮೊಲಾಸಿಸ್ (ಸಕ್ಕರೆ ಮಾಡುವಾಗ ಉಳಿಯುವ ಕಪ್ಪು ಪಾಕ) ಹಾಕುವ ಜಾಗದಲ್ಲಿ ನಮ್ಮ ವಾಲೆ ಬೆಲ್ಲ ಸರಿಯಾಗಿ ಕೂರುತ್ತದೆ. ಬಿಳಿ ಬೆಲ್ಲ ಹಾಕಿದರೆ ಆ ಕಪ್ಪು ರುಚಿ ಬರುವುದಿಲ್ಲ.

ಗೆರಟೆ ಉರಿದು ಬೂದಿ ಮುಚ್ಚುವ ತನಕ ಕಾಯಿರಿ. ಜಾಲರಿ ಕೆಂಡದಿಂದ ಒಂದು ಗೇಣು ಮೇಲೆ. ಮೊದಲು ಏನೂ ಹಚ್ಚದೆ ಎರಡೂ ಕಡೆ ಮೂರು ಮೂರು ನಿಮಿಷ, ಆಮೇಲೆ ಸಾಸ್ ಹಚ್ಚಿ ತಿರುಗಿಸಿ, ಹೀಗೆ ಮೂರು ಸಲ. ಬೆಲ್ಲ ಇರುವುದರಿಂದ ಕಣ್ಣು ತೆಗೆಯಬೇಡಿ.

ಹೊಗೆಗೆ ಏನೇನೋ ಮಾಡಿದ್ದೇನೆ. ಬಾಟಲಿಯ ಹೊಗೆ ಎಸೆನ್ಸ್ 600 ರೂಪಾಯಿಗೆ ತರಿಸಿದೆ, ಆಸ್ಪತ್ರೆ ವಾಸನೆ. ತೆಂಗಿನ ಸಿಪ್ಪೆ ಕಹಿ. ಪೇರಳೆ ಮರದ ಒಣ ಚಕ್ಕೆ ಬಹಳ ಚೆನ್ನಾಗಿ ಬಂತು, ಈಗ ಅದೇ. ಗೇರುಬೀಜದ ಸಿಪ್ಪೆ ಮಾತ್ರ ಯಾರೂ ಹಾಕಬೇಡಿ. ನಮ್ಮಲ್ಲಿ ಸುಲಭವಾಗಿ ಸಿಗುತ್ತದೆ ಎಂದು ಆಸೆಯಾಗುತ್ತದೆ. ಅದರ ಎಣ್ಣೆ ಚರ್ಮ ಸುಡುವಂಥದ್ದು, ಹೊಗೆ ಕಣ್ಣಿಗೂ ಗಂಟಲಿಗೂ ಕೆಟ್ಟದು. ಅನಾನಸ್ ರಸದಲ್ಲಿ ರಾತ್ರಿ ನೆನೆಸಿದ್ದು ಇನ್ನೊಂದು ತಪ್ಪು. ಮೇಲಿನ ಮಾಂಸ ಹಿಟ್ಟಾಯಿತು. ಪುನರ್ಪುಳಿ (ಕೋಕಂ) ಹಾಕಿದ ಸಾಸ್ ಬಣ್ಣ ಅದ್ಭುತ, ಹುಳಿ ಸ್ವಲ್ಪ ಜಾಸ್ತಿ.

ದುಡ್ಡಿನ ಲೆಕ್ಕ ಕೇಳುವವರಿಗೆ: ಕಿಲೋ ಹಸಿ ಮಾಂಸ ಬೆಂದು ಸುಟ್ಟ ಮೇಲೆ 650, 700 ಗ್ರಾಂ ಉಳಿಯುತ್ತದೆ. ಗ್ಯಾಸ್, ಮಸಾಲೆ, ಬೆಲ್ಲ, ಡಬ್ಬ ಎಲ್ಲ ಸೇರಿ ಕಿಲೋಗೆ 90ರ ಹತ್ತಿರ ಖರ್ಚು. ಗೆರಟೆ ನಮ್ಮದೇ. ಹಸಿ ತೂಕದ ಲೆಕ್ಕದಲ್ಲಿ ಕಿಲೋಗೆ 850 ತೆಗೆದುಕೊಂಡೆ. ಆ ಕ್ರಿಸ್ಮಸ್ ವಾರದಲ್ಲಿ ಐದು ಸಾವಿರದಷ್ಟು ಕೈಯಲ್ಲಿ ಉಳಿಯಿತು. ಡ್ರಮ್ಮಿನ ದುಡ್ಡು ಹಾಗೆ ವಾಪಸ್ ಬಂತು.

ಮೊಂತಿ ಹಬ್ಬದ (ಮೇರಿ ಮಾತೆಯ ಹುಟ್ಟುಹಬ್ಬ) ದಿನ ಮನೆಯಲ್ಲಿ ಹೊಸ ಅಕ್ಕಿ ಊಟ, ತರಕಾರಿ ಮಾತ್ರ. ಹಾಗಾಗಿ ಸೆಪ್ಟೆಂಬರ್ 8ಕ್ಕೆ ಯಾರೂ ಕೇಳಬೇಡಿ. ಮರುದಿನಕ್ಕೆ ಕೊಡುತ್ತೇನೆ, ಸನ್ನಾ (ಇಡ್ಲಿಯಂಥ ತಿಂಡಿ) ಜೊತೆ. ಈಗ ಏಳೂವರೆ ಲೀಟರಿನ ಕುಕ್ಕರ್ ತಂದಿದ್ದೇನೆ. ಅದರಲ್ಲಿ 18 ನಿಮಿಷ ಸಾಲುತ್ತಿಲ್ಲ. 21ಕ್ಕೆ ಬಂದು ನಿಂತಿದ್ದೇನೆ, ಇನ್ನೂ ಎರಡು ಮೂರು ಭಾನುವಾರ ನೋಡಬೇಕು.